ಅಳಿಯನ ಗಿಟಾರಿಗೆ ಹೊಸ ಹಂಬಕರ್

ಜುಲೈ ತಿಂಗಳ ಮೊದಲ ಭಾನುವಾರ. ಬೆಳಗಾವಿಯ ಮಳೆ ಬೆಳಿಗ್ಗೆಯಿಂದ ಒಂದೇ ಸಮನೆ ಸುರಿಯುತ್ತಿತ್ತು. ಅಳಿಯ, ಅಂದರೆ ತಂಗಿಯ ಮಗ, ಗಿಟಾರ್ ಬ್ಯಾಗನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಕೊಂಡು ಟಿಳಕವಾಡಿಯ ನಮ್ಮ ಮನೆಗೆ ಬಂದ. ತಾನು ಪೂರ್ತಿ ತೊಯ್ದಿದ್ದ, ಗಿಟಾರಿಗೆ ಒಂದು ಹನಿಯೂ ತಾಗಿರಲಿಲ್ಲ. ನಾನು ಟವಲ್ ಕೊಡುವ ಮೊದಲೇ ಮಾತು ಶುರು ಮಾಡಿದ.

"ಮಾಮಾ, ಇದಕ್ಕ ಹದಿನಾರು ಕೆ ಪಿಕಪ್ ಹಾಕಿ ಕೊಡ್ರಿ. ಎರಡೂ ಕಡೆ."

"ಯಾಕ? ಈಗಿರೋದಕ್ಕ ಏನಾಗೇತಿ?"

"ಪವರ್ ಇಲ್ರಿ ಅದರಾಗ."

ಆ ಮಾತಿನಿಂದ ಶುರುವಾದ ಕೆಲಸ ಮುಗಿಯಲು ಏಳು ವಾರ ಹಿಡಿಯಿತು. ಏನು ಮಾಡಿದೆ, ಎಲ್ಲಿ ತಪ್ಪಿದೆ, ಹೇಗೆ ಸರಿ ಮಾಡಿದೆ ಅಂತ ಆಗಾಗ ಡೈರಿಯಲ್ಲಿ ಬರೆದಿಟ್ಟಿದ್ದೆ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಪಿಕಪ್ ಅಂದರೆ ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಕೂತು, ಅವುಗಳ ನಡುಕವನ್ನು ಕರೆಂಟ್ ಮಾಡಿ ಆಂಪ್ಲಿಫೈಯರ್‌ಗೆ ಕಳಿಸುವ ಮ್ಯಾಗ್ನೆಟ್ ಮತ್ತು ಕಾಯಿಲ್. ಎರಡು ಕಾಯಿಲ್ ಇರುವ ಪಿಕಪ್ಪೇ ಹಂಬಕರ್. ಹದಿನಾರು ಕೆ ಅಂದರೆ ಅದರ ವೈರ್‌ನ ರೆಸಿಸ್ಟೆನ್ಸ್ 16 ಕಿಲೋ ಓಮ್ ಅಂತ.

ನಾನು ಉದ್ಯಮಬಾಗ್‌ನಲ್ಲಿ ಮೋಟಾರ್ ರೀವೈಂಡಿಂಗ್ ಮಾಡುವವನು. ಫೌಂಡ್ರಿಗಳ ಬ್ಲೋವರ್ ಮೋಟಾರ್, ಬೋರ್‌ವೆಲ್ ಪಂಪು, ಹಿಟ್ಟಿನ ಗಿರಣಿ ಮೋಟಾರ್, ಎಲ್ಲ ಬರುತ್ತವೆ. ಸಂಜೆ ಮನೆಯಲ್ಲಿ ಗಿಟಾರ್ ರಿಪೇರಿ. ಅದು ಹೊಟ್ಟೆಪಾಡಿಗಲ್ಲ, ಇಷ್ಟಕ್ಕೆ. ಪಿಕಪ್ ಅಂದರೆ ನನಗೆ ಮೊದಲಿಂದಲೂ ಆಸೆ ಜಾಸ್ತಿ. ಹಗಲೆಲ್ಲ ನಾನು ಸುತ್ತುವ ಅದೇ ಎನಾಮೆಲ್ ತಾಮ್ರದ ವೈರ್ ಅದರೊಳಗೂ ಇದೆ. ಆದರೆ ಎಷ್ಟು ಸಣ್ಣದು ಅಂತೀರಿ! ಹಳೆಯ ಹಂಬಕರ್‌ಗಳಲ್ಲಿ ಇರುವುದು ಅಮೆರಿಕದ ಗೇಜ್ ಲೆಕ್ಕದ 42, ಅಂದರೆ 42 ಎಡಬ್ಲ್ಯುಜಿ ವೈರ್, ದಪ್ಪ ಸುಮಾರು 0.063 ಮಿಲಿಮೀಟರ್. ನಮ್ಮ ಅಂಗಡಿಯ ಲೆಕ್ಕದಲ್ಲಿ 46 ಗೇಜ್ ಹತ್ತಿರ. ತಲೆಗೂದಲಿನಷ್ಟು. ಒಂದೊಂದು ಬಾಬಿನ್‌ಗೆ ಸುಮಾರು 5000 ಸುತ್ತು. ಎರಡೂ ಸೇರಿ 8 ಕಿಲೋ ಓಮ್ ಬಂತು ಅಂದರೆ, ಬಿಚ್ಚಿ ಉದ್ದಕ್ಕೆ ಹಾಸಿದರೆ ಒಂದೂವರೆ ಕಿಲೋಮೀಟರ್ ಆಗುತ್ತದೆ. ಎರಡು ಬೆರಳಗಲದ ಡಬ್ಬಿಯೊಳಗೆ ಒಂದೂವರೆ ಕಿಲೋಮೀಟರ್ ತಾಮ್ರ. ಇಷ್ಟು ವರ್ಷ ಆದರೂ ನನಗೆ ಅದರ ಬೆರಗು ಕಡಿಮೆಯಾಗಿಲ್ಲ.

ಗಿಟಾರ್ ಬಗ್ಗೆ ಹೇಳುತ್ತೇನೆ. ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರಿನ ಆಕಾರದ್ದು, ಸೆಕೆಂಡ್ ಹ್ಯಾಂಡ್. ಓದು ಮುಗಿಸಿ ಊರಿಗೆ ಹೋಗುವ ಹುಡುಗನೊಬ್ಬನಿಂದ ಅಳಿಯ ಕೊಂಡಿದ್ದ. ಎರಡು ಹಂಬಕರ್, ಎರಡು ವಾಲ್ಯೂಮ್, ಎರಡು ಟೋನ್, ಮೂರು ಕಡೆ ತಿರುಗುವ ಸ್ವಿಚ್. ಒಂದು ಹಂಬಕರ್ ತಂತಿ ಕೂರುವ ಬ್ರಿಡ್ಜ್ ಹತ್ತಿರ, ಇನ್ನೊಂದು ಬೆರಳೊತ್ತುವ ಉದ್ದ ಹಿಡಿಯ, ಅಂದರೆ ನೆಕ್ ಹತ್ತಿರ. ಇದೊಂದೇ ಗಿಟಾರ್‌ನಲ್ಲಿ ಅವನಿಗೆ ಎರಡು ಕೆಲಸ. ವಾರದ ನಡುವೆ ಗೆಳೆಯರ ಬ್ಯಾಂಡ್: ದನಿ ಒಡೆದು ಗಡಸು ಮಾಡುವ ಡಿಸ್ಟಾರ್ಷನ್ ಪೆಡಲ್, ದಪ್ಪ ರಿಫ್, ಜೋರು ಡ್ರಮ್ಸ್. ಶನಿವಾರ ಭಾನುವಾರ ಆರ್ಕೆಸ್ಟ್ರಾ: ಮದುವೆ, ಜಾತ್ರೆ, ಗಣಪತಿ ಪೆಂಡಾಲು. ಅಲ್ಲಿ ಹಳೆಯ ಕನ್ನಡ ಹಿಂದಿ ಸಿನಿಮಾ ಹಾಡು, ಒಂದೆರಡು ಭಾವಗೀತೆ, ಒಂದು ಮರಾಠಿ ಹಾಡು. ಜೊತೆಗೆ ಕೀಬೋರ್ಡ್, ಪ್ಯಾಡ್, ಢೋಲಕ್. ಬ್ಯಾಂಡಿನಲ್ಲಿ ಸ್ವರಗಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ, ಆರ್ಕೆಸ್ಟ್ರಾದಲ್ಲಿ ನೆಕ್ ಪಿಕಪ್ ಹಾಕಿದರೆ ಕೌದಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ. ಇದು ಅವನ ದೂರು. ಅದಕ್ಕೇ ಪವರ್ ಬೇಕು ಅಂತ ಅವನ ತೀರ್ಮಾನ.

ಆಂಪ್‌ಗೆ ಚುಚ್ಚಿ ಒಂದು ತಾಸು ಕೇಳಿದೆ. ಪವರ್ ಕಡಿಮೆ ಇರಲಿಲ್ಲ. ಬೇಕಾದ್ದಕ್ಕಿಂತ ಜಾಸ್ತಿಯೇ ಇತ್ತು.

ಈ ಹದಿನಾರು ಕೆ ಲೆಕ್ಕದ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಅಳಿಯ ಒಬ್ಬನೇ ಅಲ್ಲ, ನನ್ನ ಹತ್ತಿರ ಬರುವ ಹುಡುಗರಲ್ಲಿ ಸುಮಾರು ಎಲ್ಲರೂ ಪಿಕಪ್ಪನ್ನು ಓಮ್‌ನಲ್ಲಿ ಅಳೆಯುತ್ತಾರೆ. 8 ಅಂದರೆ ಮೆತ್ತಗೆ, 16 ಅಂದರೆ ಅದರ ಎರಡರಷ್ಟು ಜೋರು ಅಂತ. ಓಮ್ ಅನ್ನೋದು ವೈರ್‌ನ ಅಳತೆ. ಶಬ್ದದ ಅಳತೆ ಅಲ್ಲ. ಅಷ್ಟೇ ಸುತ್ತನ್ನು 42ರ ಬದಲು 44 ಎಡಬ್ಲ್ಯುಜಿ ವೈರ್‌ನಲ್ಲಿ ಸುತ್ತಿದರೆ ಓಮ್ ಒಂದೂವರೆ ಪಟ್ಟಿಗಿಂತ ಜಾಸ್ತಿ ಬರುತ್ತದೆ, ಯಾಕೆಂದರೆ ವೈರ್ ಸಣ್ಣದಾಯಿತು. ಸುತ್ತು ಅಷ್ಟೇ, ಮ್ಯಾಗ್ನೆಟ್ ಅದೇ, ಮೀಟರ್‌ನಲ್ಲಿ ಮಾತ್ರ ದೊಡ್ಡ ಅಂಕಿ. ಇನ್ನೊಂದು ವಿಷಯ, ತಾಮ್ರದ ಓಮ್ ಬಿಸಿಗೂ ಏರುತ್ತದೆ. 10 ಡಿಗ್ರಿ ಹೆಚ್ಚಾದರೆ ನೂರಕ್ಕೆ ಸುಮಾರು 4ರಷ್ಟು. ಏಪ್ರಿಲ್ ಮಧ್ಯಾಹ್ನ ಅಳೆದ ಪಿಕಪ್ಪನ್ನು ಮಳೆಗಾಲದ ರಾತ್ರಿ ಅಳೆದರೆ ಅಂಕಿ ಬೇರೆ ಬರುತ್ತದೆ. ಒಂದೇ ಥರದ ವೈರ್, ಒಂದೇ ಥರದ ಮ್ಯಾಗ್ನೆಟ್ ಇರುವ ಎರಡು ಪಿಕಪ್ ಹೋಲಿಸುವಾಗ ಓಮ್ ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಅದು ಬಿಟ್ಟರೆ ನಾನು ಅದನ್ನು ನೋಡುವುದು ಕಾಯಿಲ್ ಜೀವಂತ ಇದೆಯೋ ಕಟ್ ಆಗಿದೆಯೋ ತಿಳಿಯಲು ಮಾತ್ರ.

ಹಾಗಾಗಿ ಮೊದಲ ವಾರ ಏನನ್ನೂ ಕೊಳ್ಳಲಿಲ್ಲ. ಎತ್ತರ ಸರಿ ಮಾಡಿದೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ದುಡ್ಡಿಲ್ಲದೆ ಆಗುವ ಕೆಲಸ ಇದೊಂದೇ, ಮತ್ತು ಬಹಳ ಜನ ಇದನ್ನೇ ಬಿಟ್ಟುಬಿಡುತ್ತಾರೆ. ಹಂಬಕರ್‌ನ ಎರಡೂ ಬದಿಗೆ ಒಂದೊಂದು ಸ್ಕ್ರೂ ಇರುತ್ತದೆ. ತಿರುಗಿಸಿದರೆ ಪಿಕಪ್ ಮೇಲೆ ಕೆಳಗೆ ಆಗುತ್ತದೆ. ಅಳೆಯುವ ರೀತಿ ಹೀಗೆ: ಕೊನೆಯ ಫ್ರೆಟ್‌ನಲ್ಲಿ, ಅಂದರೆ ನೆಕ್ ಮೇಲಿನ ಕೊನೆಯ ಲೋಹದ ಅಡ್ಡಪಟ್ಟಿಯಲ್ಲಿ ತಂತಿ ಒತ್ತಿ ಹಿಡಿಯಬೇಕು, ಆಮೇಲೆ ತಂತಿಯ ಕೆಳಮೈಗೂ ಪಿಕಪ್ ಮೇಲೆ ಕಾಣುವ ಪೋಲ್‌ನ ಕಬ್ಬಿಣದ ತಲೆಗೂ ನಡುವಿನ ಸಂದು ನೋಡಬೇಕು. ಶುರುವಿಗೆ ಬ್ರಿಡ್ಜ್ ಕಡೆ 1.6 ಮಿಲಿಮೀಟರ್, ನೆಕ್ ಕಡೆ 2.4. ನನ್ನ ಹತ್ತಿರ ಫೀಲರ್ ಗೇಜ್ ಇದೆ, ಆದರೆ ಅಳಿಯನಿಗೆ ತೋರಿಸಲು ಡ್ರಿಲ್ ಬಿಟ್ ತೆಗೆದುಕೊಂಡೆ. ಒಂದೂವರೆಯದು ಒಂದು, ಎರಡೂವರೆಯದು ಒಂದು. ಅದರ ನುಣುಪು ಬಾಲವನ್ನು ಸಂದಿಗೆ ತೂರಿಸಿದರೆ ಆಯಿತು. ಬಿಟ್ ಎಲ್ಲರ ಮನೆಯಲ್ಲೂ ಸಿಗುತ್ತದೆ ಅಲ್ವಾ.

ಅಳಿಯನ ಗಿಟಾರ್‌ನಲ್ಲಿ ನೆಕ್ ಪಿಕಪ್ಪು ತಂತಿಗೆ ಒಂದು ಮಿಲಿಮೀಟರ್‌ಗಿಂತ ಹತ್ತಿರ ನಿಂತಿತ್ತು. ಒಂದೂವರೆಯ ಬಿಟ್ ಒಳಗೆ ಹೋಗಲೇ ಇಲ್ಲ. ದಪ್ಪ ಇ ತಂತಿ ನಡುಗುವಾಗ ನೆಕ್ ಜಾಗದಲ್ಲಿ ಅದರ ಓಲಾಟ ಬ್ರಿಡ್ಜ್ ಹತ್ತಿರಕ್ಕಿಂತ ಎಷ್ಟೋ ಜಾಸ್ತಿ. ಅದಕ್ಕೇ ಅದೇ ಪಿಕಪ್ಪನ್ನು ನೆಕ್‌ನಲ್ಲಿ ಇಟ್ಟರೆ ಶಬ್ದ ದೊಡ್ಡದು, ಮಂದ್ರ ದಪ್ಪ. ಹತ್ತಿರ ತಂದರೆ ಮ್ಯಾಗ್ನೆಟ್ ತಂತಿಯನ್ನೇ ಎಳೆಯುತ್ತದೆ, ನಾದ ಬೇಗ ಸಾಯುತ್ತದೆ, ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ಕದಡುತ್ತದೆ. ನೆಕ್ ಪಿಕಪ್ಪನ್ನು ಎರಡೂವರೆಗೆ ಇಳಿಸಿದೆ, ಇ ತಂತಿಯ ಕಡೆ ಇನ್ನೂ ಅರ್ಧ ಸುತ್ತು. ಅಳಿಯ ಒಂದು ಕಾರ್ಡ್ ಮೀಟಿ ನನ್ನ ಮುಖ ನೋಡಿದ. ಕೌದಿ ಅರ್ಧ ಸರಿದಿತ್ತು.

ಎರಡನೆಯ ವಾರ ಹಿಂಬದಿಯ ಮುಚ್ಚಳ ತೆಗೆದೆ. ಒಳಗೆ ಚಿಕ್ಕ ಪಾಟ್‌ಗಳು, ಅಂದರೆ ವಾಲ್ಯೂಮ್ ಟೋನ್ ಏರಿಳಿಸಲು ತಿರುಗಿಸುವ ರೆಸಿಸ್ಟರ್‌ಗಳು. ಮೇಲೆ ಎ500ಕೆ ಅಂತ ಬರೆದಿತ್ತು. ಅಳೆದರೆ ಒಂದು 410, ಇನ್ನೊಂದು 520. ಹಂಬಕರ್‌ಗೆ 500 ಕಿಲೋ ಓಮ್ ಪಾಟ್, ಸಿಂಗಲ್ ಕಾಯಿಲ್‌ಗೆ 250 ಅನ್ನೋದು ರೂಢಿ. ಹಂಬಕರ್‌ನಲ್ಲಿ ಎರಡು ಕಾಯಿಲ್ ಸಾಲಾಗಿ ಕೂಡಿರುವುದರಿಂದ ಅದರ ದನಿ ಮೊದಲೇ ದಪ್ಪ. ಅದರ ಮೇಲೆ 250ರ ಭಾರ ಹೊರಿಸಿದರೆ ತಾರದ ಹೊಳಪು ನೆಲಕ್ಕೆ ಸೋರಿಹೋಗುತ್ತದೆ. ಟೋನ್ ಕೆಪಾಸಿಟರ್ ಮೇಲೆ 473 ಅಂತ ಇತ್ತು, ಅಂದರೆ 0.047 ಮೈಕ್ರೋಫ್ಯಾರಡ್. ಪೇಟೆಯಿಂದ 223 ತಂದೆ, ಅದು 0.022. ಟೋನ್ ಅರ್ಧಕ್ಕೆ ಇಳಿಸಿದಾಗಲೂ ಸ್ವರ ತಿಳಿಯಬೇಕು ಅಂದರೆ ಹಂಬಕರ್‌ಗೆ ಇದೇ ಒಳ್ಳೆಯದು. ಹಳೆಯ ಪಿಕಪ್‌ಗಳು ಬ್ರಿಡ್ಜ್‌ದು 14, ನೆಕ್‌ದು 13 ಚಿಲ್ಲರೆ. ಎರಡರಲ್ಲೂ ಸಿರಾಮಿಕ್ ಮ್ಯಾಗ್ನೆಟ್. ನೆಕ್‌ಗೂ ಇಷ್ಟು ಬಿಸಿ, ಅಂದರೆ ಇಷ್ಟು ಜೋರಿನ ಪಿಕಪ್ ಹಾಕಿದ್ದು ಯಾಕೋ, ನನಗೆ ಅರ್ಥವಾಗಲಿಲ್ಲ.

ಈಗ ಆರಿಸುವ ಕೆಲಸ.

ಹಂಬಕರ್ ಹುಟ್ಟಿದ್ದೇ ಹಮ್ ಓಡಿಸಲು. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1959ರಲ್ಲಿ ಅದು ಸಿಕ್ಕಿತು. ನಡುವಿನ ವರ್ಷಗಳಲ್ಲಿ ಪಿಕಪ್ ತಳಕ್ಕೆ 'ಪೇಟೆಂಟ್ ಅಪ್ಲೈಡ್ ಫಾರ್', ಅಂದರೆ ಪೇಟೆಂಟ್‌ಗೆ ಅರ್ಜಿ ಹಾಕಿದೆ ಅನ್ನುವ ಚೀಟಿ ಅಂಟಿಸುತ್ತಿದ್ದರು. ಇವತ್ತಿಗೂ ಹಳೆಯ ಥರದ ಮೆತ್ತನೆ ಹಂಬಕರ್‌ಗೆ ಆ ಚೀಟಿಯ ಮೊದಲ ಅಕ್ಷರಗಳದ್ದೇ ಹೆಸರು, ಪಿಎಎಫ್. ತತ್ವ ಸರಳ. ಎರಡು ಕಾಯಿಲ್ ಪಕ್ಕಪಕ್ಕ. ಒಂದಕ್ಕೆ ಮ್ಯಾಗ್ನೆಟ್‌ನ ಉತ್ತರ ತುದಿ, ಇನ್ನೊಂದಕ್ಕೆ ದಕ್ಷಿಣ. ವೈಂಡಿಂಗ್ ಕೂಡ ಒಂದಕ್ಕೊಂದು ಉಲ್ಟಾ. ತಂತಿಯ ನಾದಕ್ಕೆ ಮ್ಯಾಗ್ನೆಟ್ಟೂ ಉಲ್ಟಾ, ಸುತ್ತೂ ಉಲ್ಟಾ, ಆದ್ದರಿಂದ ಎರಡು ಕಾಯಿಲ್‌ನ ನಾದ ಕೂಡುತ್ತದೆ. ನಮ್ಮ ಲೈನಿನ 50 ಹರ್ಟ್ಜ್ ಗುಂಯ್‌ಗೆ ಮ್ಯಾಗ್ನೆಟ್ ಸಂಬಂಧವೇ ಇಲ್ಲ, ಅದು ಸುತ್ತನ್ನು ಮಾತ್ರ ನೋಡುತ್ತದೆ, ಆದ್ದರಿಂದ ಒಂದು ಇನ್ನೊಂದನ್ನು ಹೊಡೆದುಹಾಕುತ್ತದೆ.

ಆರಿಸುವಾಗ ನಾನು ಮೊದಲು ಕೇಳುವುದು ಡಿಸ್ಟಾರ್ಷನ್ ಎಲ್ಲಿಂದ ಬರುತ್ತದೆ ಅಂತ. ಹಿಂದೆ ಪಿಕಪ್ ಜೋರಾಗಿ ದೂಡಿದರೆ ವಾಲ್ವ್ ಆಂಪ್‌ನ ದನಿ ಒಡೆಯುತ್ತಿತ್ತು. 1972ರಲ್ಲಿ ಡಿಮಾರ್ಜಿಯೊದ ಸೂಪರ್ ಡಿಸ್ಟಾರ್ಷನ್ ಬಂದಿದ್ದೇ ಆ ಕೆಲಸಕ್ಕೆ, ಸಿರಾಮಿಕ್ ಮ್ಯಾಗ್ನೆಟ್, ತುಂಬ ಸುತ್ತು. ಈಗ ಅಳಿಯನ ಪೆಡಲ್‌ನಲ್ಲೇ ಬೇಕಾದ್ದಕ್ಕಿಂತ ಮೂರು ಪಟ್ಟು ಗೇನ್, ಅಂದರೆ ದನಿ ಹಿಗ್ಗಿಸುವ ಶಕ್ತಿ ಇದೆ. ಅದರ ಮುಂದೆ ಬಿಸಿ ಪಿಕಪ್ ಇಟ್ಟರೆ ಮಂದ್ರ ತಂತಿಗಳು ಪೆಡಲ್ ಒಳಗೆ ಹೋಗುವ ಮೊದಲೇ ತುಂಬಿಕೊಂಡಿರುತ್ತವೆ, ಹೊರಗೆ ಬರುವಾಗ ಮುದ್ದೆ. ಹಳೆಯ ಬ್ಲೂಸ್, ಜಾಸ್, ಸಾದಾ ದನಿಯ ಸಿನಿಮಾ ಹಾಡು ನುಡಿಸುವವರಿಗೆ ನಾನು ಕಣ್ಣು ಮುಚ್ಚಿ ಪಿಎಎಫ್ ಥರದ್ದು ಹೇಳುತ್ತೇನೆ: ಏಳೂವರೆಯಿಂದ ಎಂಟೂವರೆ ಕಿಲೋ ಓಮ್, ಆಲ್ನಿಕೊ ಮ್ಯಾಗ್ನೆಟ್. ಆಲ್ನಿಕೊ ಅಂದರೆ ಅಲ್ಯುಮಿನಿಯಂ, ನಿಕಲ್, ಕೋಬಾಲ್ಟ್ ಸೇರಿದ ಲೋಹ. ಅದರಲ್ಲಿ 2ನೇ ನಂಬರ್ ಮೆತ್ತಗೆ, ಮೀಟಿದ ಕೂಡಲೇ ಸ್ವಲ್ಪ ಬಾಗಿ ಅರಳುತ್ತದೆ. 5ನೇ ನಂಬರ್‌ನಲ್ಲಿ ಮಂದ್ರ ಬಿಗಿ, ತಾರ ಚುರುಕು. ರಾಕ್ ನುಡಿಸುವವರಿಗೆ ಆಲ್ನಿಕೊ 5. ತಂತಿ ಕೆಳಗಿಳಿಸಿ ಶ್ರುತಿ ಮಾಡಿ, ಅಂಗೈಯಿಂದ ತಡೆದು ಟಕಟಕ ಅಂತ ಮೆಟಲ್ ಹೊಡೆಯುವವರಿಗೆ ಸಿರಾಮಿಕ್ ನಿಜಕ್ಕೂ ಬೇಕು, ಏಟು ಕತ್ತರಿಸಿದ ಹಾಗೆ ಬರುತ್ತದೆ. ಇಎಂಜಿ 81ರಂಥ ಆಕ್ಟಿವ್ ಪಿಕಪ್ ಹಾಕಿದರೆ 9 ವೋಲ್ಟ್ ಬ್ಯಾಟರಿ ಬೇಕು, ಪಾಟ್ ಕೂಡ 25 ಕೆ ಮಾಡಬೇಕು. ಅಳಿಯನಿಗೆ ಅದು ಬೇಡ ಅಂದೆ. ಆರ್ಕೆಸ್ಟ್ರಾ ನಡುವೆ ಬ್ಯಾಟರಿ ಮುಗಿದರೆ ಹಾಡು ಅಲ್ಲೇ ನಿಲ್ಲುತ್ತದೆ.

ಕೊನೆಗೆ ಬ್ರಿಡ್ಜ್‌ಗೆ ಸೇಮೋರ್ ಡಂಕನ್ ಜೆಬಿ ಆಯಿತು. ಆಲ್ನಿಕೊ 5, ಸುಮಾರು 16 ಕಿಲೋ ಓಮ್. ಅಳಿಯನ ಹದಿನಾರು ಕೆ ಅವನಿಗೆ ಸಿಕ್ಕಿತು! ನಾನು ಒಪ್ಪಿದ್ದು ಮಾತ್ರ ಆ ಅಂಕಿಗಲ್ಲ. ಮಂದ್ರಕ್ಕೂ ತಾರಕ್ಕೂ ನಡುವಿನ ದನಿಯಲ್ಲಿ ಅದರ ಮೇಲಿನ ಭಾಗ ಸ್ವಲ್ಪ ಎದ್ದು ನಿಲ್ಲುತ್ತದೆ, ಜೋರು ಡ್ರಮ್ಸ್ ನಡುವೆ ಲೀಡ್ ಕಳೆದುಹೋಗುವುದಿಲ್ಲ. ನೆಕ್‌ಗೆ ಡಿಮಾರ್ಜಿಯೊ ಪಿಎಎಫ್ ಪ್ರೊ. ಗೋವಾದಲ್ಲಿ ನುಡಿಸುವ ಗೆಳೆಯನೊಬ್ಬ ತನ್ನ ಗಿಟಾರ್‌ನಿಂದ ತೆಗೆದಿಟ್ಟಿದ್ದ. ಚೋರ್ಲಾ ಘಾಟ್ ಹತ್ತಿ ಬರುವವರೊಬ್ಬರ ಕೈಯಲ್ಲಿ ಕಳಿಸಿದ. ಡಬ್ಬಿ ಇಲ್ಲ, ಚೀಟಿ ಇಲ್ಲ, ಹಳೆಯ ಪೇಪರ್‌ನಲ್ಲಿ ಸುತ್ತಿದ ಪಿಕಪ್ ಮಾತ್ರ. ಆ ಚೀಟಿ ಇಲ್ಲದ್ದೇ ಮುಂದೆ ನನ್ನನ್ನು ಒಂದು ರಾತ್ರಿ ಕೂರಿಸಿತು.

ಕೂಡಿಸುವ ಕೆಲಸದಲ್ಲಿ ಮೊದಲ ತೊಂದರೆ ಪಾಟ್‌ದು. ಹಳೆಯ ಚಿಕ್ಕ ಪಾಟ್ ಬದಲು ಹಾಕುವ ದೊಡ್ಡ ಪಾಟ್‌ಗೆ ಮೂರು ಸೂತು, ಅಂದರೆ ಒಂಬತ್ತೂವರೆ ಮಿಲಿಮೀಟರ್ ತೂತು ಬೇಕು. ಮರದಲ್ಲಿ ಇದ್ದದ್ದು ಚಿಕ್ಕ ಪಾಟ್‌ನ ತೂತು. ಡ್ರಿಲ್ ಹಾಕಿದರೆ ಬಣ್ಣ ಎಗರುತ್ತದೆ. ಮೇಲೆ ಟೇಪ್ ಅಂಟಿಸಿ, ರೀಮರ್‌ನಿಂದ ಕೈಯಲ್ಲೇ ನಿಧಾನ ಅಗಲ ಮಾಡಿದೆ. ನಾಲ್ಕು ತೂತಿಗೆ ಒಂದು ಸಂಜೆ. ಹಳೆಯ ನಾಬ್‌ಗಳೂ ಹೊಸ ಪಾಟ್‌ಗೆ ಕೂರಲಿಲ್ಲ, ಹಲ್ಲಿನ ಲೆಕ್ಕ ಬೇರೆ. ಪಾಟ್ ಕೊಳ್ಳುವಾಗಲೇ ನಾಬ್ ಕೂಡ ಕೊಂಡುಬಿಡಿ.

ಪಾಟ್ ಬೆನ್ನಿಗೆ ಅರ್ತ್ ಬೆಸೆಯುವಾಗ ಹುಡುಗರು 25 ವ್ಯಾಟ್ ಐರನ್ ಹಿಡಿದು ಎರಡು ನಿಮಿಷ ಒತ್ತುತ್ತಾರೆ. ಸೋಲ್ಡರ್ ಕರಗುವುದಿಲ್ಲ, ಒಳಗಿನ ಟ್ರ್ಯಾಕ್ ಮಾತ್ರ ಸುಡುತ್ತದೆ. ನಾನು ಬೆನ್ನನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಅಂಗಡಿಯ 60 ವ್ಯಾಟ್ ಐರನ್‌ನಿಂದ ಮೂರು ಸೆಕೆಂಡ್‌ನಲ್ಲಿ ಒಂದು ಬೊಟ್ಟು ಸೋಲ್ಡರ್ ಇಟ್ಟೆ. ಆ ಬೊಟ್ಟು ಹಣೆಯ ಕುಂಕುಮದ ಹಾಗೆ ದುಂಡಗೆ, ಹೊಳಪಾಗಿ ಹರಡಿ ನಿಲ್ಲಬೇಕು. ಮಾಸಲಾಗಿ ಗೋಲಿಯಾಗಿ ನಿಂತರೆ ಅದು ಹಿಡಿದಿಲ್ಲ. ಆಮೇಲೆ ವೈರ್ ತಂದು ಅದರಲ್ಲಿ ಮುಳುಗಿಸಿದರೆ ಸಾಕು.

ಜೆಬಿ ಮೊದಲು ಕೂಡಿಸಿದೆ. ನಾಲ್ಕು ವೈರ್ ಜೊತೆಗೆ ಒಂದು ಬರಿ ವೈರ್. ಕಪ್ಪು ಹಾಟ್, ಅಂದರೆ ನಾದವನ್ನು ಹೊರಗೆ ಒಯ್ಯುವ ವೈರ್, ಬಿಳಿ ಮತ್ತು ಕೆಂಪು ಒಂದಕ್ಕೊಂದು ಸೇರಿಸಿ ಟೇಪ್, ಹಸಿರು ಮತ್ತು ಬರಿ ವೈರ್ ಅರ್ತ್‌ಗೆ. ಚೆನ್ನಾಗಿ ಬಂತು. ರಾತ್ರಿ ಹತ್ತು ಗಂಟೆ ಆಗಿತ್ತು. ನೆಕ್ ಪಿಕಪ್‌ನಲ್ಲೂ ಅದೇ ನಾಲ್ಕು ಬಣ್ಣ ಕಂಡವು. ಕೈ ಅದೇ ದಾರಿಯಲ್ಲಿ ಓಡಿತು. ಕಪ್ಪು ಹಾಟ್, ಬಿಳಿ ಕೆಂಪು ಜೋಡಿ, ಹಸಿರು ಅರ್ತ್. ಮೀಟರ್ ಇಟ್ಟೆ, ಎಂಟು ಚಿಲ್ಲರೆ ತೋರಿಸಿತು. ಸರಿ ಅಂದುಕೊಂಡು ಆಂಪ್‌ಗೆ ಚುಚ್ಚಿದೆ.

ದನಿ ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ ಬಂತು. ಮಂದ್ರವೇ ಇಲ್ಲ. ಅದರ ಹಿಂದೆ ಜೋರಾಗಿ ಗುಂಯ್.

ಅಳಿಯ ಪಕ್ಕದಲ್ಲೇ ಕೂತಿದ್ದ. "ಪಿಕಪ್ ಕೆಟ್ಟೈತೇನ್ರಿ ಮಾಮಾ?" ಅಂದ. ನನಗೂ ಒಂದು ಕ್ಷಣ ಹಾಗೇ ಅನಿಸಿತು, ಗೆಳೆಯನಿಗೆ ಫೋನ್ ಮಾಡಲು ಹೊರಟೆ. ಆದರೆ ಆ ಗುಂಯ್ ನನಗೆ ಪರಿಚಯದ್ದು. ತ್ರೀ ಫೇಸ್ ಮೋಟಾರ್ ಸುತ್ತಿ, ಒಂದು ಫೇಸ್‌ನ ಸ್ಟಾರ್ಟಿಂಗ್ ತುದಿ ಎಂಡಿಂಗ್ ತುದಿ ಅದಲುಬದಲಾಗಿ ಕೊಟ್ಟರೆ ಹೀಗೇ ಆಗುತ್ತದೆ. ಮೂರು ಫೇಸ್‌ನಲ್ಲೂ ಓಮ್ ಸರಿ ಇರುತ್ತದೆ, ಇನ್ಸುಲೇಷನ್ ಅಳೆಯುವ ಮೆಗ್ಗರ್ ಕೂಡ ಸರಿ ತೋರಿಸುತ್ತದೆ. ಸಪ್ಲೈ ಕೊಟ್ಟರೆ ಮಾತ್ರ ಗುಂಯ್‌ಗುಡುತ್ತದೆ, ಲೋಡ್ ಎಳೆಯುವುದಿಲ್ಲ. ಕಾಯಿಲ್‌ಗಳು ಒಂದನ್ನೊಂದು ಹಿಂದಕ್ಕೆ ಜಗ್ಗುತ್ತಿರುತ್ತವೆ. ಇಲ್ಲೂ ಅದೇ. ಸೇರಬೇಕಾದ ನಾದ ಒಂದನ್ನೊಂದು ತಿನ್ನುತ್ತಿದೆ, ತಿನ್ನಬೇಕಾದ ಹಮ್ ಒಂದಕ್ಕೊಂದು ಸೇರುತ್ತಿದೆ.

ಅಂಗಡಿಯಿಂದ ಮುಳ್ಳಿನ ಹಳೆಯ ಮೀಟರ್ ತಂದಿದ್ದೆ. ಅದನ್ನು ಡಿಸಿಯ ಅತಿ ಸಣ್ಣ ಕರೆಂಟ್ ರೇಂಜ್‌ಗೆ ಇಟ್ಟು ಕೇಬಲ್ ತುದಿಗೆ ಹಿಡಿದೆ. ಒಂದು ಕಬ್ಬಿಣದ ಸ್ಕ್ರೂಡ್ರೈವರ್‌ನಿಂದ ಪಿಕಪ್‌ನ ಸ್ಕ್ರೂ ಸಾಲನ್ನು ಮೆಲ್ಲಗೆ ತಟ್ಟಿದೆ. ಮುಳ್ಳು ಬಲಕ್ಕೆ ಕೂದಲೆಳೆಯಷ್ಟು ಹಾರಿತು. ಪಕ್ಕದ ಸಾಲು ತಟ್ಟಿದೆ. ಎಡಕ್ಕೆ ಹಾರಿತು. ಅಳಿಯನ ಕೈಗೆ ಸ್ಕ್ರೂಡ್ರೈವರ್ ಕೊಟ್ಟೆ. ಅವನು ಹತ್ತು ಸಲ ತಟ್ಟಿ ನೋಡಿದ. ಪ್ರತಿ ಸಲ ಅದೇ, ಬಲ, ಎಡ. ಸರಿಯಾದ ಹಂಬಕರ್‌ನಲ್ಲಿ ಎರಡೂ ಸಾಲು ಮುಳ್ಳನ್ನು ಒಂದೇ ಕಡೆ ಒಯ್ಯಬೇಕು.

ವೈರ್ ಬಿಚ್ಚಿ ಎರಡೆರಡನ್ನೇ ಅಳೆದೆ. ಯಾವ ಎರಡರ ನಡುವೆ ಮೀಟರ್ ಓದುತ್ತದೋ ಅವು ಒಂದೇ ಕಾಯಿಲ್‌ನ ಎರಡು ತುದಿ. ಜೆಬಿಯಲ್ಲಿ ಕಪ್ಪು ಬಿಳಿ ಒಂದು ಜೋಡಿ, ಕೆಂಪು ಹಸಿರು ಇನ್ನೊಂದು. ಇದರಲ್ಲಿ ಕಪ್ಪು ಬಿಳಿ ನಡುವೆ ಮೀಟರ್ ಸುಮ್ನೆ ಇತ್ತು. ಕೆಂಪು ಕಪ್ಪು ನಡುವೆ ನಾಲ್ಕು ಚಿಲ್ಲರೆ, ಹಸಿರು ಬಿಳಿ ನಡುವೆ ನಾಲ್ಕು ಚಿಲ್ಲರೆ. ಡಿಮಾರ್ಜಿಯೊ ಪದ್ಧತಿ ಬೇರೆ: ಕೆಂಪು ಹಾಟ್, ಕಪ್ಪು ಬಿಳಿ ಜೋಡಿ, ಹಸಿರು ಮತ್ತು ಬರಿ ವೈರ್ ಅರ್ತ್. ನಾನು ಒಂದು ಕಾಯಿಲ್ಲನ್ನು ತಲೆಕೆಳಗು ಕೊಟ್ಟಿದ್ದೆ. ಎರಡೂ ಕಾಯಿಲ್ ಸಾಲಾಗಿಯೇ ಇದ್ದುದರಿಂದ ಓಮ್ ಸರಿ ತೋರಿಸಿತ್ತು. ಬಣ್ಣ ತಯಾರಕರಿಗೊಂದು, ಅದನ್ನು ನಂಬಿ ಬೆಸೆಯಬೇಡಿ. ಮೀಟರ್‌ನಲ್ಲಿ ಜೋಡಿ ಹುಡುಕಿ, ಮುಳ್ಳಿನಲ್ಲಿ ದಿಕ್ಕು ನೋಡಿ, ಆಮೇಲೆ ಐರನ್ ಹಿಡಿಯಿರಿ.

ಸರಿ ಮಾಡಿದ ಮೇಲೆ ಎರಡೂ ಸಾಲು ಬಲಕ್ಕೆ ಹಾರಿದವು. ಬ್ರಿಡ್ಜ್ ಪಿಕಪ್ಪನ್ನೂ ಹಾಗೇ ತಟ್ಟಿ ನೋಡಿದೆ, ಅದೂ ಬಲಕ್ಕೆ. ಎರಡು ಪಿಕಪ್ ಬೇರೆ ಬೇರೆ ಕಂಪನಿಯದಾದರೆ ಇದನ್ನು ನೋಡಲೇಬೇಕು, ಇಲ್ಲದಿದ್ದರೆ ಸ್ವಿಚ್ ನಡುವೆ ಇಟ್ಟಾಗ ಮತ್ತೆ ತಗಡಿನ ಡಬ್ಬಿ. ಆಂಪ್‌ಗೆ ಚುಚ್ಚಿದಾಗ ರಾತ್ರಿ ಒಂದು ಗಂಟೆ. ನೆಕ್ ಪಿಕಪ್‌ನಲ್ಲಿ ಒಂದು ಸ್ವರ ಮೀಟಿದೆ. ದುಂಡಗೆ, ತಿಳಿಯಾಗಿ ಬಂತು. ಗುಂಯ್ ಇಲ್ಲವೇ ಇಲ್ಲ. ಒಳಗಿನಿಂದ ತಂಗಿ ಎದ್ದು ಬಂದು "ಇನ್ನೂ ಮಲಗಿಲ್ಲೇನು?" ಅಂದಳು. ಮಗನನ್ನು ಕರೆದುಕೊಂಡು ಹೋಗಲು ಬಂದವಳು ಮಳೆಗೆ ಇಲ್ಲೇ ಉಳಿದಿದ್ದಳು.

ಆರ್ಕೆಸ್ಟ್ರಾದ ಲೆಕ್ಕ ಇನ್ನೂ ಬಾಕಿ ಇತ್ತು. ಜೆಬಿ ಬ್ಯಾಂಡಿಗೆ ಸರಿ. ಆದರೆ ಕೀಬೋರ್ಡ್ ಆ ನಡುವಿನ ದನಿಯನ್ನೆಲ್ಲ ತುಂಬಿರುವಾಗ ಅಷ್ಟು ದಪ್ಪ ಬ್ರಿಡ್ಜ್ ಪಿಕಪ್ ನುಗ್ಗಿದರೆ ಹಾಡುವವರಿಗೆ ಜಾಗ ಸಿಗುವುದಿಲ್ಲ. ಒಂದೊಂದೇ ತಂತಿ ಬಿಡಿಸಿ ನುಡಿಸುವ ಕಡೆ ತೆಳುವಾದ, ಗೆಜ್ಜೆಯಂಥ ದನಿ ಬೇಕು. ಅದಕ್ಕೆ ಬ್ರಿಡ್ಜ್‌ನ ಟೋನ್ ಪಾಟ್ ತೆಗೆದು, ಮೇಲೆ ಎಳೆದರೆ ಸ್ವಿಚ್ ಬದಲಾಗುವ ಪುಶ್ ಪುಲ್ ಪಾಟ್ ಹಾಕಿದೆ. ಮೊದಲು ಎಲ್ಲರೂ ಮಾಡುವ ಹಾಗೆ ಕಾಯಿಲ್ ಸ್ಪ್ಲಿಟ್ ಮಾಡಿದೆ, ಅಂದರೆ ಎಳೆದಾಗ ಒಂದು ಕಾಯಿಲ್ ಬಂದ್, ಇನ್ನೊಂದೇ ಕೆಲಸ ಮಾಡುತ್ತದೆ. ಮನೆಯಲ್ಲಿ ಬಹಳ ಚೆನ್ನಾಗಿತ್ತು. ಆಗಸ್ಟ್‌ನಲ್ಲಿ ಒಂದು ಮದುವೆ ಕಾರ್ಯಕ್ರಮಕ್ಕೆ ಅಳಿಯನ ಜೊತೆ ನಾನೂ ಹೋದೆ. ವೇದಿಕೆ ತುಂಬ ಸೀರಿಯಲ್ ಲೈಟ್, ಡಿಮ್ಮರ್, ಹಿಂದೆ ಜನರೇಟರ್. ಪಾಟ್ ಎಳೆದ ಕೂಡಲೇ ಸ್ಪೀಕರ್‌ನಲ್ಲಿ ಜೀರುಂಡೆ ಹೊಕ್ಕ ಹಾಗೆ ಝುಂಯ್ ಅಂತು. ಲೈಟ್ ಮಿನುಗಿದ ಹಾಗೆಲ್ಲ ಅದೂ ಏರಿಳಿಯಿತು. ಒಂದು ಕಾಯಿಲ್ ಬಂದ್ ಮಾಡಿದರೆ ಹಮ್ ಹೊಡೆಯುವ ಜೊತೆಗಾರನೇ ಹೋದ ಹಾಗೆ. ಆ ಕಾರ್ಯಕ್ರಮದಲ್ಲಿ ಅವನು ಪಾಟ್ ಎಳೆಯಲೇ ಇಲ್ಲ.

ಮರುದಿನ ಅದೇ ಸ್ವಿಚ್‌ನಲ್ಲಿ ವೈರ್ ಬದಲಿಸಿ ಪ್ಯಾರಲಲ್ ಮಾಡಿದೆ. ಒತ್ತಿದಾಗ ಎರಡು ಕಾಯಿಲ್ ಸೀರೀಸ್, 16 ಕಿಲೋ ಓಮ್, ಪೂರ್ತಿ ದಪ್ಪ. ಎಳೆದಾಗ ಎರಡೂ ಪ್ಯಾರಲಲ್, ಓಮ್ ನಾಲ್ಕನೇ ಒಂದು ಭಾಗ, 4. ಶಬ್ದ ಇಳಿಯುತ್ತದೆ, ತಾರ ತೆರೆದುಕೊಳ್ಳುತ್ತದೆ, ಎರಡೂ ಕಾಯಿಲ್ ಎಚ್ಚರವಾಗಿರುವುದರಿಂದ ಹಮ್ ಬರುವುದಿಲ್ಲ. ಸ್ಪ್ಲಿಟ್‌ನಷ್ಟು ಗರಿಗರಿ ಇರಲಿಕ್ಕಿಲ್ಲ. ಆದರೆ ನಮ್ಮ ಕಡೆಯ ಪೆಂಡಾಲು, ಜಾತ್ರೆ, ಜನರೇಟರ್ ಲೆಕ್ಕ ಹಿಡಿದರೆ ಪ್ಯಾರಲಲ್ಲೇ ಸರಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಒಂದೇ ಗಿಟಾರ್‌ನಲ್ಲಿ ಎರಡು ಕೆಲಸ ಮಾಡುವವರು ಮೊದಲು ಇದನ್ನು ಮಾಡಿಸಿ.

ಹಳೆಯ ಬ್ರಿಡ್ಜ್ ಪಿಕಪ್ ಎಸೆಯಲಿಲ್ಲ. ಗೇನ್ ಏರಿಸಿದರೆ ಅದು ಕೀಂ ಅಂತ ಕೂಗುತ್ತಿತ್ತು, ಬೆರಳಿನಿಂದ ಕುಟ್ಟಿದರೆ ಮೈಕ್‌ನ ಹಾಗೆ ಟಕ್ ಅನ್ನುತ್ತಿತ್ತು. ಒಳಗಿನ ಸುತ್ತು ಸಡಿಲ. ಮೋಟಾರ್ ಆಗಿದ್ದರೆ ವಾರ್ನಿಷ್ ಕುಡಿಸಿ ಒಲೆಯಲ್ಲಿಡುತ್ತಿದ್ದೆ, ಆದರೆ ಇಷ್ಟು ಸಣ್ಣ ವೈರ್‌ಗೆ ಅದು ಬೇಡ, ಮುಂದೆ ಬಿಚ್ಚಲು ಬರುವುದಿಲ್ಲ. ಇದಕ್ಕೆ ಮೇಣವೇ ಸರಿ. ಪ್ಯಾರಾಫಿನ್‌ಗೆ ಸ್ವಲ್ಪ ಜೇನುಮೇಣ ಬೆರೆಸಿ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, 65 ಡಿಗ್ರಿ ದಾಟದ ಹಾಗೆ ನೋಡಿಕೊಂಡು ಪಿಕಪ್ ಮುಳುಗಿಸಿದೆ. ಸಣ್ಣ ಗುಳ್ಳೆಗಳು ಏಳುವುದು ನಿಂತ ಮೇಲೆ ತೆಗೆದೆ. ಬಿಸಿ ಜಾಸ್ತಿಯಾದರೆ ಪ್ಲಾಸ್ಟಿಕ್ ಬಾಬಿನ್ ಸೊಟ್ಟಗಾಗುತ್ತದೆ, ಮೇಣವನ್ನು ನೇರ ಉರಿಯ ಮೇಲೆ ಇಟ್ಟರೆ ಹೊತ್ತಿಕೊಳ್ಳುತ್ತದೆ. ಈಗ ಅದು ಕೂಗುವುದಿಲ್ಲ. ಬರೀ ಮೆಟಲ್ ನುಡಿಸುವ ಹುಡುಗನೊಬ್ಬನಿಗೆ ಕೊಡಬೇಕು ಅಂತ ಎತ್ತಿಟ್ಟಿದ್ದೇನೆ.

ಗಣಪತಿ ಹಬ್ಬಕ್ಕೆ ಮೊದಲು ಕ್ಯಾಂಪ್ ಹತ್ತಿರದ ಒಂದು ಹಾಲ್‌ನಲ್ಲಿ ಆರ್ಕೆಸ್ಟ್ರಾದ ರಿಹರ್ಸಲ್ ಇತ್ತು. ಒಂದು ಭಾವಗೀತೆಯ ನಡುವೆ ಕೊಳಲಿನ ಜಾಗದಲ್ಲಿ ಗಿಟಾರ್ ತುಂಬಬೇಕಿತ್ತು. ಅಳಿಯ ನೆಕ್ ಪಿಕಪ್‌ಗೆ ಬಂದು, ಗಂಧಾರದಿಂದ ಪಂಚಮಕ್ಕೆ ತಂತಿ ಜಗ್ಗಿ ಮೀಂಡ್ ತೆಗೆದ. ಸ್ವರ ಮೇಲೆ ಹೋಗಿ, ಅಲ್ಲೇ ನಿಂತು, ಮೆಲ್ಲಗೆ ಇಳಿಯಿತು. ಮೊದಲಾಗಿದ್ದರೆ ಅರ್ಧದಲ್ಲೇ ಸಾಯುತ್ತಿತ್ತು. ತಬಲಾ ನುಡಿಸುವ ಹಿರಿಯರು ಕೈ ನಿಲ್ಲಿಸಿ, "ತಮ್ಮಾ, ಇನ್ನೊಮ್ಮೆ ಬಾರಸು" ಅಂದರು. ಅವನು ಇನ್ನೊಮ್ಮೆ ನುಡಿಸಿದ. ನಾನು ಮೂಲೆಯ ಕುರ್ಚಿಯಲ್ಲಿ ಕೂತು ಆ ಇಳಿಯುವ ಸ್ವರವನ್ನೇ ಕೇಳುತ್ತಿದ್ದೆ.

ಮನೆಗೆ ಬಂದ ಮೇಲೆ ನೆಕ್ ಪಿಕಪ್ಪನ್ನು ಸಣ್ಣ ತಂತಿಗಳ ಕಡೆ ಕಾಲು ಸುತ್ತು ಏರಿಸಿದೆ, ಅಷ್ಟೇ ಬಾಕಿ ಇತ್ತು. ಒಂದು ದಪ್ಪ ಕಾಗದದ ಮೇಲೆ ಎರಡೂ ಪಿಕಪ್‌ನ ಹೆಸರು, ಯಾವ ಬಣ್ಣ ಎಲ್ಲಿಗೆ, ಓಮ್ ಎಷ್ಟು, ಅಳೆದ ದಿನ, ಎತ್ತರ ಎಷ್ಟು, ಎಲ್ಲ ಪೆನ್ಸಿಲ್‌ನಲ್ಲಿ ಬರೆದು ಹಿಂಬದಿಯ ಮುಚ್ಚಳದ ಒಳಮೈಗೆ ಅಂಟಿಸಿದೆ. ಮೋಟಾರ್ ಡೇಟಾ ಬರೆಯುವ ಹಾಗೆಯೇ. ನಾಳೆ ಯಾರೇ ಬಿಚ್ಚಿದರೂ ಅವರಿಗೆ ಚೀಟಿ ಸಿಗುತ್ತದೆ. ಆಮೇಲೆ ಸ್ಕ್ರೂಗಳನ್ನು ಒಂದೊಂದಾಗಿ ಹಾಕಿ ಮುಚ್ಚಿದೆ.